ದೊಡ್ಡ ಗಾಡಿಯೂ ಸಣ್ಣ ರಸ್ತೆಯೂ

ಮಲೆನಾಡಿನ ಯಾವ ಊರಿಗೆ ಹೋದರೂ ಇಂದು ಪಿಕಪ್ ಎಂಬ ಶಬ್ದಕ್ಕೆ ಅರ್ಥ ಹೇಳಬೇಕಾಗಿಲ್ಲ. ಅಡಿಕೆ ಮೂಟೆ, ಗೊಬ್ಬರದ ಚೀಲ, ಬಾಳೆಗೊನೆ, ಮದುವೆ ಮನೆಯ ಪಾತ್ರೆ, ಒಮ್ಮೊಮ್ಮೆ ಆಸ್ಪತ್ರೆಗೆ ಹೊರಟ ರೋಗಿ, ಹೀಗೆ ಎಲ್ಲವನ್ನೂ ಹೊತ್ತು ಅದು ನಮ್ಮ ಏರುದಾರಿಗಳನ್ನು ಹತ್ತುತ್ತದೆ. ಹಿಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಕೊಟ್ಟಿಗೆಯ ಪಕ್ಕದಲ್ಲಿ ಈಗ ಅದು ನಿಂತಿದೆ. ಆದರೆ ನಮ್ಮ ವಿದ್ಯಾರ್ಥಿಗಳ ಮೊಬೈಲಿನಲ್ಲಿ ಕಾಣುವ ಪಿಕಪ್ ಬೇರೆಯದು. ಅದು ಅಮೆರಿಕದ್ದು, ಎದೆಯೆತ್ತರದ ಮೂತಿ, ನಾಲ್ಕು ಬಾಗಿಲು, ಆಳೆತ್ತರದ ಮೈ. ಅಲ್ಲಿ ನೆಲೆಸಿದ ಬಂಧುಗಳು ಅದರ ಮುಂದೆ ನಿಂತು ತೆಗೆಸಿಕೊಂಡ ಚಿತ್ರಗಳೂ ಊರಿಗೆ ಬರುತ್ತವೆ. ಇಂಥದೊಂದು ನಮಗೂ ಇದ್ದರೆ ಎಂಬ ಆಸೆ ಹುಟ್ಟುವುದು ಸಹಜ.

ಈ ಆಸೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಕೊಳ್ಳುವ ವಸ್ತುವನ್ನು ತೂಗಿ ನೋಡುವುದು ರೈತನ ಹಳೆಯ ಗುಣ. ಎತ್ತು ಕೊಳ್ಳುವಾಗ ಹಲ್ಲು, ಗೊರಸು, ಸುಳಿ ನೋಡಿದವರು ನಾವು. ವಾಹನಕ್ಕೂ ಮೂರು ಪರೀಕ್ಷೆಗಳುಂಟು: ಸುರಕ್ಷತೆ, ವೆಚ್ಚ, ದಿನನಿತ್ಯದ ಉಪಯೋಗ. ಈ ಮೂರನ್ನೂ ಯಾರ ಕಡೆಯಿಂದ ನೋಡುತ್ತೇವೆ ಎಂಬುದೇ ಮುಖ್ಯ ಪ್ರಶ್ನೆ.

ಮೊದಲು ಅಮೆರಿಕದ ದೊಡ್ಡ ಪಿಕಪ್ಪನ್ನು ಅದರ ಸ್ವಂತ ನೆಲದಲ್ಲಿಯೇ ಪರೀಕ್ಷಿಸೋಣ. ಫೋರ್ಡ್ ಕಂಪನಿಯ ಎಫ್ ಸರಣಿ ಹುಟ್ಟಿದ್ದು 1948ರಲ್ಲಿ. ಎಫ್-150 ಎಂಬ ಹೆಸರು ಬಂದದ್ದು 1975ರಲ್ಲಿ. 1977ರಿಂದ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್ ಸರಣಿ ಅದೇ. ವಿಶಾಲ ಹುಲ್ಲುಗಾವಲುಗಳ ದನಗಾಹಿಗೂ ಮನೆ ಕಟ್ಟುವ ಮೇಸ್ತ್ರಿಗೂ ಅದು ನಿಜವಾದ ಕೆಲಸಗಾರ. ತಕ್ಕ ಎಂಜಿನ್ನು, ಜೋಡಣೆಗಳಿದ್ದರೆ ಸುಮಾರು 6 ಟನ್ ತೂಕದ ಟ್ರೇಲರನ್ನು ಎಳೆಯಬಲ್ಲದು. ಇದನ್ನು ಒಪ್ಪಿಕೊಳ್ಳದೆ ಮಾತು ಮುಂದುವರಿಸುವುದು ನ್ಯಾಯವಲ್ಲ.

ಸುರಕ್ಷತೆಯ ವಿಷಯಕ್ಕೆ ಬಂದರೆ, ಒಳಗೆ ಕುಳಿತವನಿಗೆ ಅದು ಗಟ್ಟಿಯಾದ ಕೋಟೆ. ಸರ್ಕಾರಿ ಡಿಕ್ಕಿ ಪರೀಕ್ಷೆಯಲ್ಲಿ ನಾಲ್ಕು ಬಾಗಿಲಿನ ಎಫ್-150 ಒಟ್ಟಾರೆ 5 ನಕ್ಷತ್ರ ಪಡೆದದ್ದುಂಟು. ಆದರೆ ಕೋಟೆಯ ಹೊರಗಿರುವವರ ಗತಿಯೇನು? ಅಲ್ಲಿನ ವಿಮಾ ಕಂಪನಿಗಳ ಹಣದಿಂದ ನಡೆಯುವ ಹೆದ್ದಾರಿ ಸುರಕ್ಷತಾ ಸಂಸ್ಥೆಯು ಪಾದಚಾರಿಗಳಿಗೆ ವಾಹನ ಬಡಿದ ಸುಮಾರು 18,000 ಪ್ರಕರಣಗಳನ್ನು ಪರಿಶೀಲಿಸಿ 2023ರಲ್ಲಿ ವರದಿ ನೀಡಿತು. ಬಾನೆಟ್ಟಿನ ಎತ್ತರ 40 ಅಂಗುಲಕ್ಕಿಂತ ಹೆಚ್ಚಿರುವ ವಾಹನ ಬಡಿದರೆ, ತಗ್ಗಾದ ಇಳಿಜಾರು ಮೂತಿಯ ವಾಹನ ಬಡಿದಾಗಿಗಿಂತ ಸಾವಿನ ಸಂಭವ ಸುಮಾರು ಶೇ. 45ರಷ್ಟು ಹೆಚ್ಚು ಎಂಬುದು ಅದರ ತೀರ್ಮಾನ. ಕಾರಣ ಸರಳ. ತಗ್ಗಿನ ಕಾರು ಕಾಲಿಗೆ ಬಡಿಯುತ್ತದೆ, ಮನುಷ್ಯ ಬಾನೆಟ್ಟಿನ ಮೇಲೆ ಉರುಳುತ್ತಾನೆ. ಎತ್ತರದ ಗಾಡಿ ಎದೆಗೆ, ತಲೆಗೆ ಬಡಿಯುತ್ತದೆ. ಮಗುವಾದರೆ ಮೂತಿಯ ಮುಂದೆ ನಿಂತದ್ದು ಚಾಲಕನಿಗೆ ಕಾಣುವುದೇ ಇಲ್ಲ. ಆ ದೇಶದಲ್ಲಿ 2009ರಲ್ಲಿ ಸುಮಾರು 4,100 ಪಾದಚಾರಿಗಳು ಸತ್ತಿದ್ದರೆ, 2022ರಲ್ಲಿ ಆ ಸಂಖ್ಯೆ 7,500ನ್ನು ದಾಟಿತು. ವೇಗ, ಕತ್ತಲೆ, ಕಾಲುದಾರಿಯಿಲ್ಲದ ರಸ್ತೆಗಳು ಇದಕ್ಕೆ ಕಾರಣವಾಗಿರುವಂತೆ ಗಾಡಿಗಳ ಗಾತ್ರವೂ ಒಂದು ಕಾರಣ. ಅದೇ ಸಂಸ್ಥೆ 2025ರಲ್ಲಿ ಇನ್ನೊಂದು ಮಾತು ಹೇಳಿದೆ: ಸರಾಸರಿ ವಾಹನಕ್ಕಿಂತ ತೂಕ ಹೆಚ್ಚಿಸುತ್ತ ಹೋದರೆ ಒಳಗಿನವರಿಗೆ ಸಿಗುವ ಹೆಚ್ಚುವರಿ ರಕ್ಷಣೆ ಬಹುಮಟ್ಟಿಗೆ ಶೂನ್ಯ, ಎದುರಿನವರಿಗೆ ಮಾತ್ರ ಅಪಾಯ.

ವೆಚ್ಚವನ್ನು ನೋಡೋಣ. ದೊಡ್ಡ ಪಿಕಪ್ಪಿಗೆ ಅಮೆರಿಕದ ಗ್ರಾಹಕ ಕೊಡುವ ಸರಾಸರಿ ಬೆಲೆ 60,000 ಡಾಲರನ್ನು ದಾಟಿದೆ; ಅಂದರೆ 50 ಲಕ್ಷ ರೂಪಾಯಿಗೂ ಮೇಲೆ. ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವ ಪೆಟ್ರೋಲ್ ಮಾದರಿಗಳು ಲೀಟರಿಗೆ 8ರಿಂದ 9 ಕಿಲೋಮೀಟರ್ ಓಡುತ್ತವೆ. ಇಷ್ಟು ದುಬಾರಿಯಾದರೂ ಅದು ಬೆಳೆದದ್ದೇಕೆ? ಇದರ ಹಿಂದೆ ಬರಿಯ ಜನರ ಆಸೆಯಿಲ್ಲ, ಸರ್ಕಾರದ ಕಾನೂನೂ ಇದೆ. ಯುರೋಪಿನವರು ಅಮೆರಿಕದ ಕೋಳಿಮಾಂಸಕ್ಕೆ ಸುಂಕ ಹಾಕಿದ್ದಕ್ಕೆ ಪ್ರತೀಕಾರವಾಗಿ 1964ರಲ್ಲಿ ಹೊರದೇಶದ ಸಣ್ಣ ಟ್ರಕ್ಕುಗಳ ಮೇಲೆ ಶೇ. 25ರ ಸುಂಕ ಜಾರಿಗೆ ಬಂತು. ಮಾಂಸದ ಜಗಳ ಮರೆತುಹೋದರೂ ಆ ಸುಂಕ ದಶಕಗಳ ಕಾಲ ಉಳಿದು, ಹೊರಗಿನ ಚಿಕ್ಕ ಪಿಕಪ್ಪುಗಳನ್ನು ದೂರವಿಟ್ಟಿತು. ಮುಂದೆ 1975ರ ಇಂಧನ ಕಾಯ್ದೆಯಡಿ ಮೈಲೇಜಿನ ಕಟ್ಟುಪಾಡು ಬಂದಾಗ, ಟ್ರಕ್ಕುಗಳಿಗೆ ಕಾರುಗಳಿಗಿಂತ ಸಡಿಲವಾದ ಮಟ್ಟ ನಿಗದಿಯಾಯಿತು. ಕಂಪನಿಗಳಿಗೆ ದೊಡ್ಡ ಗಾಡಿ ಮಾರುವುದೇ ಲಾಭವಾಯಿತು. ಆಯ್ಕೆ ತನ್ನದೆಂದು ಗ್ರಾಹಕ ಭಾವಿಸಿದ. ಅದರ ಅರ್ಧ ಭಾಗ ಮೊದಲೇ ನಿರ್ಧಾರವಾಗಿತ್ತು.

ಇನ್ನು ದಿನನಿತ್ಯದ ಉಪಯೋಗ. ಸ್ಟ್ರಾಟೆಜಿಕ್ ವಿಷನ್ ಎಂಬ ಸಂಸ್ಥೆಯ ಸಮೀಕ್ಷೆಯೊಂದು 2019ರಲ್ಲಿ ಬೆಳಕಿಗೆ ಬಂತು. ಅದರ ಪ್ರಕಾರ ಪಿಕಪ್ ಮಾಲೀಕರಲ್ಲಿ ಶೇ. 75ರಷ್ಟು ಮಂದಿ ವರ್ಷಕ್ಕೆ ಒಮ್ಮೆ ಟ್ರೇಲರ್ ಎಳೆದರೆ ಹೆಚ್ಚು, ಶೇ. 35ರಷ್ಟು ಮಂದಿ ಹಿಂಬದಿಯಲ್ಲಿ ಸರಕು ಹೇರುವುದೂ ವರ್ಷಕ್ಕೊಮ್ಮೆ, ಅಥವಾ ಅದೂ ಇಲ್ಲ. ಗಾಡಿಯ ಮೈಯೇ ಈ ಕಥೆಯನ್ನು ಹೇಳುತ್ತದೆ. 1960ರ ದಶಕದ ಆರಂಭದಲ್ಲಿ ಫೋರ್ಡ್ ಪಿಕಪ್ಪಿನಲ್ಲಿ ಸುಮಾರು ಮೂರನೇ ಎರಡು ಪಾಲು ಸರಕಿಗೆ, ಉಳಿದದ್ದು ಜನರಿಗೆ ಮೀಸಲಾಗಿತ್ತು. ಇಂದು ಅದು ತಿರುವುಮುರುವಾಗಿದೆ. ನಾಲ್ಕು ಬಾಗಿಲಿನ ಎಫ್-150ರ ಉದ್ದ ಸುಮಾರು 5.9 ಮೀಟರ್; ಸರಕಿಗೆ ಸಿಗುವುದು ಐದೂವರೆ ಅಡಿ. ಅದರ ವಿ-8 ಎಂಜಿನ್ನು 400 ಅಶ್ವಶಕ್ತಿಯದು. ಬೆನ್ನ ಮೇಲೆ ಹೊರುವುದು ಸಾಮಾನ್ಯವಾಗಿ ಒಂದು ಟನ್ನಿನೊಳಗೆ, ಅದರಲ್ಲಿಯೂ ಒಳಗೆ ಕುಳಿತವರ ತೂಕ ಸೇರಿದೆ. ನಮ್ಮ ದೇಶದಲ್ಲಿ 2005ರಲ್ಲಿ ಬಂದ ಟಾಟಾ ಏಸ್ 16 ಅಶ್ವಶಕ್ತಿಯಲ್ಲಿ 750 ಕಿಲೋ ಹೊರುತ್ತಿತ್ತು. ಎರಡೂ ಒಂದೇ ಬಗೆಯ ಗಾಡಿಗಳಲ್ಲ, ಒಂದೇ ವೇಗದವೂ ಅಲ್ಲ. ಆದರೆ ಅಡಿಕೆ ಮೂಟೆಗೆ ತನ್ನನ್ನು ಹೊತ್ತದ್ದು ಎಷ್ಟು ಕುದುರೆ ಎಂಬುದು ತಿಳಿಯುವುದಿಲ್ಲ.

ವಿದ್ಯುತ್ ಗಾಡಿ ಬಂದರೆ ಎಲ್ಲವೂ ಸರಿಹೋದೀತೆಂದು ಕೆಲವರು ಹೇಳುವುದುಂಟು. 2022ರಲ್ಲಿ ಎಫ್-150ರ ವಿದ್ಯುತ್ ಮಾದರಿಯೂ ಬಂತು. ಹೊಗೆ ನಿಂತಿತು, ಆದರೆ ಬ್ಯಾಟರಿಯ ಭಾರದಿಂದ ಗಾಡಿಯ ತೂಕ ಮೂರು ಟನ್ನಿನ ಹತ್ತಿರ ಹೋಯಿತು, ಮೂತಿಯ ಎತ್ತರ ಹಾಗೆಯೇ ಉಳಿಯಿತು. 2025ರ ಡಿಸೆಂಬರಿನಲ್ಲಿ ಕಂಪನಿಯೇ ಅದರ ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಇಂಧನ ಬದಲಿಸಿದ ಮಾತ್ರಕ್ಕೆ ಗಾತ್ರದ ದೋಷ ಕಳೆಯುವುದಿಲ್ಲ.

ಇಷ್ಟೆಲ್ಲ ನಮಗೇಕೆ ಎಂದು ಓದುಗರು ಕೇಳಬಹುದು. ಗಾಡಿ ಬರುವ ಮೊದಲು ಅದರ ಆಸೆ ಬರುತ್ತದೆ, ಆಸೆಯ ಬೆನ್ನಿಗೆ ಅಗಲ ರಸ್ತೆಯ ಬೇಡಿಕೆ ಬರುತ್ತದೆ. ಗ್ರಾಮ ಸಡಕ್ ಯೋಜನೆಯ ರಸ್ತೆಯ ಡಾಂಬರು ಭಾಗ 3.75 ಮೀಟರ್, ಸಂಚಾರ ಕಡಿಮೆಯಿರುವಲ್ಲಿ 3 ಮೀಟರ್. ಕನ್ನಡಿಗಳೂ ಸೇರಿದರೆ ಎಫ್-150ರ ಅಗಲ ಸುಮಾರು 2.4 ಮೀಟರ್. ಅಂಥ ಗಾಡಿ ನಮ್ಮ ತಿರುವಿನಲ್ಲಿ ಎದುರಾದರೆ ಶಾಲೆಯ ಮಗು ಚರಂಡಿಗಿಳಿಯಬೇಕು. ಇಲ್ಲವೇ ಧರೆಯನ್ನು ಕಡಿಯಬೇಕು. ಧರೆ ಕಡಿದ ಮೇಲೆ ಮಳೆಗಾಲದಲ್ಲಿ ಏನಾಗುತ್ತದೆ ಎಂಬುದನ್ನು ಮಲೆನಾಡಿಗರಿಗೆ ಯಾರೂ ಕಲಿಸಬೇಕಾಗಿಲ್ಲ.

ಹಾಗೆಂದು ನಮ್ಮ ಪಿಕಪ್ಪೇ ಆದರ್ಶವೆಂದು ಬೀಗುವುದಕ್ಕೂ ಆಗದು. ಅಮೆರಿಕದ ಗಾಡಿ ಮುಂದೆ ನಿಂತವನನ್ನು ಮರೆತರೆ, ನಮ್ಮ ಗಾಡಿ ಹಿಂದೆ ನಿಂತವನನ್ನು ಮರೆತಿದೆ. ಬೆಳಗಿನ ಏಳು ಗಂಟೆಗೆ ಯಾವುದೇ ಘಟ್ಟದ ರಸ್ತೆಯಲ್ಲಿ ನಿಂತು ನೋಡಿ: ತೋಟದ ಕೆಲಸಕ್ಕೆ ಹೊರಟ ಹೆಂಗಸರು ಹಿಂಬದಿಯಲ್ಲಿ ಸರಳು ಹಿಡಿದು ನಿಂತಿರುತ್ತಾರೆ. 2024ರ ಮೇ 20ರಂದು ಛತ್ತೀಸಗಡದ ಕಬೀರಧಾಮ ಜಿಲ್ಲೆಯಲ್ಲಿ ಬೀಡಿ ಎಲೆ ಕೊಯ್ದು ಮರಳುತ್ತಿದ್ದವರ ಪಿಕಪ್ ಕಂದಕಕ್ಕೆ ಬಿದ್ದು 19 ಜನ ಸತ್ತರು. ಹೆಚ್ಚಿನವರು ಬೈಗಾ ಬುಡಕಟ್ಟಿನ ಮಹಿಳೆಯರು. 2025ರ ಜನವರಿ 22ರ ನಸುಕಿನಲ್ಲಿ ನಮ್ಮದೇ ಯಲ್ಲಾಪುರ ತಾಲ್ಲೂಕಿನ ಘಟ್ಟದಲ್ಲಿ, ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿಯೊಡನೆ ಹೊರಟಿದ್ದವರ ಲಾರಿ ಉರುಳಿ 10 ಜನ ಪ್ರಾಣ ಕಳೆದುಕೊಂಡರು.

ಸರಕು ವಾಹನದಲ್ಲಿ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002 ಮತ್ತು 2004ರ ತೀರ್ಪುಗಳಲ್ಲಿ ಹೇಳಿದೆ. 1994ರ ತಿದ್ದುಪಡಿಯ ನಂತರ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಗೆ ಮಾತ್ರ ಆ ರಕ್ಷಣೆ ಉಂಟು. 2023ರ ಅಕ್ಟೋಬರಿನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ನಕ್ಷತ್ರ ಪರೀಕ್ಷೆಯೂ ಪ್ರಯಾಣಿಕ ಕಾರುಗಳಿಗಾಗಿ ರೂಪುಗೊಂಡದ್ದು, ಸರಕು ಪಿಕಪ್ಪಿಗಲ್ಲ. ಹೀಗೆ ಸರಳು ಹಿಡಿದು ನಿಂತವಳಿಗೆ ಸೀಟಿಲ್ಲ, ಬೆಲ್ಟಿಲ್ಲ, ನಕ್ಷತ್ರವಿಲ್ಲ, ಬಿದ್ದರೆ ಪರಿಹಾರದ ಖಾತ್ರಿಯೂ ಇಲ್ಲ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಅವಳಿಗೆ ಬಸ್ಸಿನ ಟಿಕೆಟು ಉಚಿತವಾಗಿದೆ. ಆದರೆ ಬಸ್ಸೇ ಬಾರದ ಊರಿನಲ್ಲಿ ಉಚಿತ ಟಿಕೆಟಿನಿಂದ ಏನು ಪ್ರಯೋಜನ?

ಆದ್ದರಿಂದ ನಮ್ಮ ಸೂಚನೆ ಇಷ್ಟೇ. ಗಾಡಿ ಕೊಳ್ಳುವವರು ವರ್ಷದಲ್ಲಿ ಎಷ್ಟು ದಿನ, ಎಷ್ಟು ತೂಕ ಹೊರುತ್ತೇವೆ ಎಂದು ಮೊದಲು ಬರೆದಿಡಿ. ವರ್ಷಕ್ಕೆ ಹತ್ತು ದಿನದ ಕೆಲಸಕ್ಕೆ ನೆರೆಯವರೊಡನೆ ಸೇರಿ ಬಾಡಿಗೆ ಗಾಡಿ ತರಿಸುವುದು ಲೇಸು. ತೋಟದ ಮಾಲೀಕರು ಆಳುಗಳನ್ನು ಕರೆತರಲು ಸೀಟುಗಳಿರುವ, ಪರವಾನಗಿಯುಳ್ಳ ವಾಹನವನ್ನೇ ಗೊತ್ತುಮಾಡಿ. ಆ ಖರ್ಚು ಕೂಲಿಯಿಂದ ಮುರಿಯದಿರಲಿ. ಬೆಳಗಿನ ಮತ್ತು ಸಂಜೆಯ ಬಸ್ಸಿಗಾಗಿ ಗ್ರಾಮಸಭೆಯಲ್ಲಿ ಠರಾವು ಮಾಡಿ ಸಾರಿಗೆ ಡಿಪೋಗೆ ಕಳುಹಿಸಿ. ವಿದ್ಯಾರ್ಥಿಗಳು ಒಂದು ವಾರ ತಮ್ಮ ಊರಿನ ತಿರುವಿನಲ್ಲಿ ನಿಂತು, ಯಾವ ಗಾಡಿಯಲ್ಲಿ ಎಷ್ಟು ಸರಕು, ಎಷ್ಟು ಜನ ಎಂದು ಲೆಕ್ಕವಿಡಿ. ಆ ಲೆಕ್ಕ ಠರಾವಿನ ಜೊತೆಗಿದ್ದರೆ ಅಧಿಕಾರಿಗಳು ಅದನ್ನು ತಳ್ಳಿಹಾಕುವುದು ಕಷ್ಟ.

ವಾಹನದ ಯೋಗ್ಯತೆಯನ್ನು ಚಾಲಕನ ಸೀಟಿನಿಂದಷ್ಟೇ ಅಳೆಯಬಾರದು. ಅದರ ಮುಂದೆ ನಡೆಯುವ ಮಗುವನ್ನೂ ಹಿಂದೆ ನಿಂತ ಹೆಂಗಸನ್ನೂ ಅದು ಸಾಗುವ ಗುಡ್ಡವನ್ನೂ ಕೇಳಬೇಕು. ಆ ಮೂವರೂ ಒಪ್ಪಿದ ಗಾಡಿ ನಮ್ಮ ಅಂಗಳಕ್ಕೆ ಬರಲಿ.