ಕಿಡ್ನಿ ಕೊಟ್ಟವಳನ್ನು ಕೇಳುವವರಾರು?

ಎರಡೂ ಮೂತ್ರಪಿಂಡಗಳು ವಿಫಲವಾದ ಯುವಕನೊಬ್ಬನಿಗೆ ನೆರವಾಗಿರೆಂಬ ಮನವಿ ಕಂಡಾಗ ಮಂಗಳೂರಿನ ಮುಸ್ಲಿಮ್ ಸಮಾಜ ಕೈಕಟ್ಟಿ ಕೂರುವುದಿಲ್ಲ. ಜುಮಾ ನಮಾಝ್‌ನ ಬಳಿಕ ಹಣ ಸಂಗ್ರಹವಾಗುತ್ತದೆ, ಗಲ್ಫ್‌ನಿಂದ ನೆರವು ಹರಿದು ಬರುತ್ತದೆ. ಇದು ಅಭಿನಂದನೀಯ. ಆದರೆ ಇಂತಹ ಮನವಿಗಳ ಕೊನೆಯಲ್ಲೊಂದು ವಾಕ್ಯವಿರುತ್ತದೆ: ತಾಯಿ ಕಿಡ್ನಿ ನೀಡಲು ಮುಂದೆ ಬಂದಿದ್ದಾರೆ. ಇಲ್ಲವೇ ಪತ್ನಿ, ಇಲ್ಲವೇ ಸಹೋದರಿ. ತಂದೆ, ಪತಿ, ಸಹೋದರ ಮುಂದೆ ಬಂದಿದ್ದಾರೆಂಬ ವಾಕ್ಯವನ್ನು ನಾವು ಅಪರೂಪಕ್ಕೆ ಓದಿದ್ದೇವೆ.

ಇದು ನಮ್ಮ ಸಮುದಾಯವೊಂದರ ರೋಗವಲ್ಲ. ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆಯ ಲೆಕ್ಕದಂತೆ 1995ರಿಂದ 2021ರವರೆಗೆ ದೇಶದಲ್ಲಿ ಅಂಗ ಪಡೆದ 36,640 ಮಂದಿಯಲ್ಲಿ ಮಹಿಳೆಯರು 6,945 ಮಾತ್ರ. ಜೀವಂತ ದಾನಿಗಳಲ್ಲಾದರೋ ಮಹಿಳೆಯರದೇ ಬಹುಮತ. ಕೊಡುವಾಗ ಮುಂದಿನ ಸಾಲು, ಪಡೆಯುವಾಗ ಹಿಂದಿನ ಸಾಲು! ಇದನ್ನು ತ್ಯಾಗವೆಂದು ಹೊಗಳಿ ಮುಗಿಸುವುದು ಗಂಡಸರಿಗೆ ಬಹಳ ಅನುಕೂಲಕರ.

ದುಡಿಯುವವನೇ ಮನೆಯ ಆಧಾರ, ಅವನ ದೇಹಕ್ಕೆ ಕತ್ತರಿ ಹಾಕುವುದು ಹೇಗೆ ಎಂಬುದು ಇವರ ವಾದ. ಸುಬಹ್‌ಗೆ ಎದ್ದು ಇಶಾ ಕಳೆದ ಮೇಲೂ ಅಡುಗೆ ಮನೆಯಲ್ಲಿ ನಿಂತಿರುವವಳು ದುಡಿಯುವವಳಲ್ಲವೇ? ಗಂಡಿಗೆ ಅಪಾಯಕಾರಿಯಾದದ್ದು ಹೆಣ್ಣಿಗೆ ನಿರಪಾಯವಾಗುವುದು ಹೇಗೆ? ನಿಜಕ್ಕೂ ಯೋಚಿಸಬೇಕಾದವಳು ಇನ್ನೂ ಮಕ್ಕಳನ್ನು ಹೆರಬೇಕಾದ ಯುವತಿ. ಕಿಡ್ನಿ ನೀಡಿದವರಲ್ಲಿ ಗರ್ಭಕಾಲದ ಅಧಿಕ ರಕ್ತದೊತ್ತಡ ಇಲ್ಲವೇ ಪ್ರೀಎಕ್ಲಾಂಪ್ಸಿಯಾ ನೂರು ಗರ್ಭಧಾರಣೆಗಳಲ್ಲಿ 11ರಲ್ಲಿ, ನೀಡದ ಆರೋಗ್ಯವಂತರಲ್ಲಿ 5ರಲ್ಲಿ ಕಂಡುಬಂದಿತ್ತೆಂದು ಕೆನಡಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ.

ನಾವು ಭಯ ಹುಟ್ಟಿಸುತ್ತಿಲ್ಲ. 2024ರಲ್ಲಿ ನಮ್ಮ ನಗರದ ಮಹಿಳೆಯೊಬ್ಬರು ಯಕೃತ್ತಿನ ಭಾಗವನ್ನು ದಾನ ಮಾಡಿದ ಬಳಿಕ ಮೃತಪಟ್ಟಾಗ ಎಲ್ಲರೂ ನಡುಗಿದರು. ಯಕೃತ್ತಿನ ದಾನಕ್ಕಿಂತ ಕಿಡ್ನಿ ದಾನದ ಅಪಾಯ ಬಹಳ ಕಡಿಮೆ. ಉಳಿದ ಒಂದು ಕಿಡ್ನಿ ಹಿಗ್ಗಿ ಹೆಚ್ಚಿನ ಕೆಲಸವನ್ನು ವಹಿಸಿಕೊಳ್ಳುತ್ತದೆ. ಆದರೆ ಕೆಲವು ವಾರ ಭಾರ ಎತ್ತಬಾರದು. ವರ್ಷಕ್ಕೊಮ್ಮೆ ರಕ್ತದೊತ್ತಡ, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ಪರೀಕ್ಷೆ ಆಜೀವ ನಡೆಯಬೇಕು. ಸಿಕ್ಕ ಸಿಕ್ಕ ನೋವಿನ ಮಾತ್ರೆ ನುಂಗಬಾರದು. ಮಗನ ಔಷಧಿಯ ಚೀಟಿ ಮನೆಯವರಿಗೆಲ್ಲ ಬಾಯಿಪಾಠವಾಗಿರುತ್ತದೆ. ಉಮ್ಮನ ಪರೀಕ್ಷೆಯ ದಿನಾಂಕ ಎಷ್ಟು ಮಂದಿಗೆ ನೆನಪಿದೆ?

ಕಾನೂನು ಈ ಒತ್ತಡವನ್ನು ಗುರುತಿಸಿದೆ. 1994ರ ಅಂಗಾಂಗ ಕಸಿ ಕಾಯ್ದೆಯಡಿ ರೂಪಿಸಲಾದ 2014ರ ನಿಯಮಗಳು, ದಾನಿ ಮಹಿಳೆಯಾಗಿದ್ದರೆ ಹೆಚ್ಚಿನ ಎಚ್ಚರ ವಹಿಸಬೇಕು, ಆಕೆಯ ಸ್ವತಂತ್ರ ಸಮ್ಮತಿಯನ್ನು ಅಂಗ ಪಡೆಯುವವನಲ್ಲದ ಬೇರೊಬ್ಬರು ದೃಢಪಡಿಸಬೇಕು ಎನ್ನುತ್ತವೆ. ಆದರೆ ಆಸ್ಪತ್ರೆಯ ಕಾಗದಕ್ಕೆ ಸಹಿ ಬೀಳುವ ಎಷ್ಟೋ ದಿನ ಮೊದಲೇ ತೀರ್ಮಾನ ಮನೆಯ ಪಡಸಾಲೆಯಲ್ಲಿ ಆಗಿರುತ್ತದೆ. ಇಲ್ಲವೆಂದರೆ ತವರಿಗೆ ಮರಳಬೇಕಾದೀತೆಂದು ಅಂಜುವ ಸೊಸೆಯ 'ಹೂಂ' ಎಂಬುದು ಸಮ್ಮತಿಯೇ? 1988ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಜೀವಂತ ದಾನಕ್ಕೆ ಷರತ್ತುಗಳೊಂದಿಗೆ ಅನುಮತಿ ನೀಡಿತು, ಅಂಗ ಮಾರಾಟವನ್ನು ನಿಷಿದ್ಧವೆಂದಿತು. ಅನುಮತಿಯನ್ನು ಉತ್ಸಾಹದಿಂದ ಉದ್ಧರಿಸುವವರು ಷರತ್ತುಗಳ ಬಳಿ ಬಂದಾಗ ಮೌನವಾಗುತ್ತಾರೆ. (ಮರಣಾನಂತರದ ದಾನದ ಮಾತೆತ್ತಿದೊಡನೆ ಇದೇ ಗಂಡಸರಿಗೆ ಉಲಮಾಗಳ ಭಿನ್ನಾಭಿಪ್ರಾಯ ನೆನಪಾಗುತ್ತದೆ. ಆ ಭಾರವೂ ಕೊನೆಗೆ ಬೀಳುವುದು ಮನೆಯ ಹೆಂಗಸಿನ ಮೇಲೆಯೇ.)

ಜಮಾಅತ್ ಸಮಿತಿಗಳಿಗೆ ನಮ್ಮದೊಂದು ಬೇಡಿಕೆಯಿದೆ. ಶಸ್ತ್ರಚಿಕಿತ್ಸೆಗೆ ನಿಧಿ ಸಂಗ್ರಹಿಸುವಾಗಲೇ ದಾನಿಯ ಮುಂದಿನ ತಪಾಸಣೆಗೆ ಒಂದು ಪಾಲನ್ನು ಆಕೆಯ ಹೆಸರಿನಲ್ಲೇ ಠೇವಣಿಯಿಡಲಿ. ಅದಕ್ಕೂ ಮೊದಲು ಮನೆಯವರಾರೂ ಇಲ್ಲದಲ್ಲಿ ಆಕೆಯ ಮಾತನ್ನು ಕೇಳಲು ಒಬ್ಬ ಮಹಿಳೆಯನ್ನು ಕಳುಹಿಸಲಿ. ಅಂಗ ದಾನ ಮಾಡುವ ತನ್ನ ನೌಕರರಿಗೆ ಕೇಂದ್ರ ಸರಕಾರ 2023ರಲ್ಲಿ 42 ದಿನಗಳವರೆಗಿನ ವಿಶೇಷ ರಜೆ ಘೋಷಿಸಿತು. ಮನೆಯಲ್ಲಿ ಬೀಡಿ ಕಟ್ಟುವ ನಮ್ಮ ತಾಯಂದಿರಿಗೆ ಆ 42 ದಿನಗಳ ಕೂಲಿಯನ್ನು ಕೊಡುವವರು ಯಾರು?