ಛಡಿಯಿಂದ ನಾಯಿಯೂ ಕಲಿಯದು



ಕಳೆದ ಬೇಸಿಗೆಯಲ್ಲಿ ಕಲಬುರಗಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆ. ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಎರಡು ಮೊಳದ ಸರಪಳಿಗೆ ಒಂದು ಮುಧೋಳ ನಾಯಿಯನ್ನು ಕಟ್ಟಲಾಗಿತ್ತು. ಅದು ಬೊಗಳಿದೊಡನೆ ಆತ ಮೂಲೆಯಲ್ಲಿದ್ದ ಬೆತ್ತವನ್ನೆತ್ತಿ ಒಂದೇಟು ಬಿಗಿದ. "ಯಾಕಪ್ಪಾ ಹೊಡೀತಿ?" ಎಂದೆ. ನಗುತ್ತ ನುಡಿದ: "ನೀವೇ ಹೇಳ್ತಿದ್ರಿ ಅಲ್ಲರಿ ಸರ್, ಛಡಿ ಇಲ್ದೆ ವಿದ್ಯಾ ಬರಂಗಿಲ್ಲ ಅಂತ!" ಕೈಯಲ್ಲಿದ್ದ ಚಹಾ ಗಂಟಲಿಗಿಳಿಯಲಿಲ್ಲ.

ಹೌದು, ಹೇಳುತ್ತಿದ್ದೆ. ತಪ್ಪು ಹೇಳುತ್ತಿದ್ದೆ. ಬಿ.ಎಡ್. ಓದುವಾಗ ಥಾರ್ನ್‌ಡೈಕ್ ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಕಂಠಪಾಠ ಮಾಡಿ ಪರೀಕ್ಷೆ ಬರೆದವನು ನಾನು. ಬಹುಮಾನವು ಕಲಿಕೆಯನ್ನು ಬಲಪಡಿಸುವಷ್ಟು ಶಿಕ್ಷೆಯು ತಪ್ಪನ್ನು ಅಳಿಸಲಾರದೆಂದು ಆತನೇ 1930ರ ಸುಮಾರಿಗೆ ತನ್ನ ನಿಯಮವನ್ನು ತಿದ್ದಿಕೊಂಡಿದ್ದನು. ಅದನ್ನು ಬಲ್ಲ ನಾನು ತರಗತಿಗೆ ಬಂದಾಗ ಬೆತ್ತವನ್ನೇ ಹಿಡಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆ ನೀಡುವುದನ್ನು ನಿಷೇಧಿಸಿತು. ಶಾಲೆಯಿಂದ ಹೊರಬಿದ್ದ ಆ ಬೆತ್ತ ಈಗ ಬಾಲ್ಕನಿ ಸೇರಿದ್ದರೆ ಆ ಪಾಪದಲ್ಲಿ ನನಗೂ ಪಾಲಿದೆ.

"ನಾಯಿಗೆ ಅಂಜಿಕೆ ಇರಬೇಕು" ಎನ್ನುವವರನ್ನು ಕೇಳುತ್ತೇನೆ: ಹೊಡೆತದಿಂದ ಅದು ಕಲಿಯುವುದಾದರೂ ಏನನ್ನು? ಒಳಗೆ ಉಚ್ಚೆ ಹೊಯ್ದು ಗಂಟೆ ಕಳೆದ ಮೇಲೆ ಬಡಿದರೆ, ಉಚ್ಚೆಗೂ ಏಟಿಗೂ ಇರುವ ಸಂಬಂಧ ಅದಕ್ಕೆ ತಿಳಿಯದು; ಯಜಮಾನ ಬಂದರೆ ಏಟು ಬೀಳುತ್ತದೆ ಎಂಬುದಷ್ಟೇ ತಿಳಿಯುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ಅದು ಗುರುಗುಟ್ಟುವುದನ್ನು ಬಿಟ್ಟೀತೇ ಹೊರತು ಭಯವನ್ನು ಬಿಡದು. ಮುಂದೊಂದು ದಿನ ಸೂಚನೆಯನ್ನೇ ಕೊಡದೆ ಕಚ್ಚೀತು, ಬಹುಶಃ ಮನೆಯ ಮಗುವನ್ನೇ.

ಬೇರೆ ದಾರಿ ಕಷ್ಟದ್ದಲ್ಲ. ನಿದ್ದೆಯಿಂದ ಎದ್ದೊಡನೆ, ಉಂಡೊಡನೆ ಹೊರಗೆ ಕರೆದೊಯ್ಯಿರಿ. ಹೊರಗೆ ಮುಗಿಸಿದ ಆ ಕ್ಷಣದಲ್ಲೇ ಮೈ ಸವರಿ ರೊಟ್ಟಿಯ ತುಣುಕೊಂದನ್ನು ಕೊಡಿ. ಹೆಸರು ಕೂಗಿದಾಗ ಬಂದರೆ ಮತ್ತೊಂದು ತುಣುಕು. ದಿನಕ್ಕೆರಡು ಮೂರು ಬಾರಿ ಐದೈದು ನಿಮಿಷದ ಪಾಠ ಸಾಕು. ಆದರೆ ಮನೆಯವರೆಲ್ಲ ಒಂದೇ ಮಾತನ್ನು ಬಳಸಬೇಕು; ಒಬ್ಬರು 'ಕೂಡು', ಇನ್ನೊಬ್ಬರು 'ಸಿಟ್' ಎಂದರೆ ಯಾವ ವಿದ್ಯಾರ್ಥಿ ತಾನೇ ಕಲಿತಾನು?

"ಹಳ್ಳ್ಯಾಗ ನಾಯಿಗಿ ಯಾರು ಕಲಿಸ್ತಾರ್ರಿ ಸರ್?" ಎಂದು ಆತ ಕೇಳಿದ. ನಮ್ಮ ಹವಳಗಾದ ನಾಯಿಗೆ ಓಣಿಯಿತ್ತು, ಹೊಲವಿತ್ತು, ಬೇವಿನ ನೆರಳಿತ್ತು, ಜೊತೆಗೆ ಹತ್ತು ನಾಯಿಗಳಿದ್ದವು. ಮಹಡಿಯ ನಾಯಿಗೆ ಇರುವವರು ನೀವು ಮಾತ್ರ. ಮುಧೋಳ ನಾಯಿಯಂತೂ ಬೇಟೆಯ ಬೆನ್ನಟ್ಟಿ ಓಡಲೆಂದೇ ಬೆಳೆಸಿದ ತಳಿ. 2005ರಲ್ಲಿ ಅಂಚೆಚೀಟಿಯ ಗೌರವ ಪಡೆದದ್ದು. ಅದನ್ನು ಎರಡು ಮೊಳದೊಳಗೆ ಕಟ್ಟಿಹಾಕಿ, ಬೊಗಳುತ್ತದೆಂದು ದೂರುವುದು ನ್ಯಾಯವೇ? ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಂತೆ ಅಪರಾಧವೂ ಹೌದು. ನಮ್ಮ ಕಡೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ತಂಪಾಗಬೇಕು. ಆದ್ದರಿಂದ ಹೊತ್ತೇರುವ ಮುನ್ನ ಅಡ್ಡಾಡಿಸಿ, ನೆರಳನ್ನೂ ನೀರನ್ನೂ ಒದಗಿಸಿ. ಡಾಂಬರಿನ ಮೇಲೆ ನಿಮ್ಮ ಅಂಗೈಯ ಹಿಂಬದಿಯನ್ನು ಇಡಲಾಗದಿದ್ದರೆ ಅದರ ಪಾದವನ್ನೂ ಇಡಿಸಬೇಡಿ. ವರ್ಷಕ್ಕೊಮ್ಮೆ ರೇಬೀಸ್ ಚುಚ್ಚುಮದ್ದು ತಪ್ಪಿಸಬೇಡಿ.

ನಮ್ಮದೇ ತಾಲ್ಲೂಕಿನ ಗಾಣಗಾಪುರಕ್ಕೆ ಹೋಗಿ ದತ್ತಾತ್ರೇಯನಿಗೆ ಕೈಮುಗಿಯುತ್ತೇವೆ. ಪಟದಲ್ಲಿ ಆತನ ಪಾದದ ಬಳಿ ನಿಂತ ನಾಲ್ಕು ನಾಯಿಗಳು ನಾಲ್ಕು ವೇದಗಳೆಂದು ಮಕ್ಕಳಿಗೆ ಹೇಳುತ್ತೇವೆ. ಮನೆಗೆ ಬಂದು ಬೆತ್ತ ಹುಡುಕುತ್ತೇವೆ. ಇದೆಂಥ ಭಕ್ತಿ?

ಹೊರಡುವಾಗ ಆ ಬೆತ್ತವನ್ನು ಕೇಳಿ ಪಡೆದುಕೊಂಡು ಬಂದೆ. ನನ್ನ ಕೈಯಿಂದ ಏಟು ತಿಂದವರು ಇದನ್ನೋದುವವರಲ್ಲಿ ಹಲವರಿದ್ದೀರಿ. ನಿಮ್ಮಲ್ಲಿ ಕ್ಷಮೆ ಕೇಳುತ್ತೇನೆ. ನಾನು ಕಲಿಸಿದ ಬೇರೆಲ್ಲ ಪಾಠಗಳನ್ನು ನೆನಪಿಡಿ, ಇದೊಂದನ್ನು ಮರೆತುಬಿಡಿ. ಬಾಯಿಲ್ಲದ ಜೀವಕ್ಕೆ ಅದನ್ನು ದಾಟಿಸಬೇಡಿ.