ಕಾರು ಚಿಕ್ಕದಾದ್ರೆ ಮನೆ ದೊಡ್ಡದಾಗುತ್ತಾ?

ಯಾವ ಹವ್ಯಾಸಕ್ಕೂ ಎರಡು ಖರ್ಚು. ಒಂದು ದುಡ್ಡಿನದು, ಇನ್ನೊಂದು ಜಾಗದ್ದು. ದುಡ್ಡಿನ ಖರ್ಚು ತಿಂಗಳ ಕೊನೆಗೆ ಬ್ಯಾಂಕ್ ಆ್ಯಪ್‌ನಲ್ಲಿ ಕಾಣುತ್ತೆ. ಜಾಗದ ಖರ್ಚು ಕಾಣೋದು ಮನೆಗೆ ಇನ್ನೊಬ್ಬರು ಬರ್ತಾರೆ ಅಂತ ಗೊತ್ತಾದಾಗ ಮಾತ್ರ.

ನಮ್ಮನೆಯಲ್ಲಿ ಈಗ ನಡೀತಿರೋದು ಈ ಎರಡನೇ ಲೆಕ್ಕ. ನಾವಿರೋದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಮನೆಗೆ ಮೂರು ಬೆಡ್‌ರೂಮು. ಮೂರನೇದನ್ನ ಇಲ್ಲಿಯವರು ಬಾಕ್ಸ್ ರೂಮ್ ಅಂತಾರೆ. ಎರಡು ಮೀಟರ್ ಚಿಲ್ಲರೆ ಉದ್ದ, ಹೆಚ್ಚೂಕಡಿಮೆ ಅಷ್ಟೇ ಅಗಲ. ನಮ್ಮ ಶಿವಮೊಗ್ಗದ ಮನೆಯ ಉಗ್ರಾಣಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೆ. ಅದರ ತುಂಬ ನನ್ನ ಗಂಡನ ಸ್ಲಾಟ್ ಕಾರ್ ಟ್ರ್ಯಾಕ್. ಅಕ್ಟೋಬರಿಗೆ ನನಗೆ ಎರಡನೇ ಹೆರಿಗೆ. ಬಾಣಂತನಕ್ಕೆ ಅಮ್ಮ ಬರ್ತಿದ್ದಾರೆ, ಆರು ತಿಂಗಳು ಇರ್ತಾರೆ. ಅವರು ಹೋದ ಮೇಲೆ ಆ ರೂಮು ಮಕ್ಕಳದ್ದು. ಅಂದ್ರೆ ಟ್ರ್ಯಾಕ್ ಎದ್ದೇಳಲೇಬೇಕು. ಇದರಲ್ಲಿ ಚರ್ಚೆಯೇ ಇಲ್ಲ.

ಚರ್ಚೆ ಶುರುವಾಗಿದ್ದು ಇವರು ಹೇಳಿದ ಪರಿಹಾರದಿಂದ. "ಇರೋದನ್ನೆಲ್ಲ ಮಾರಿ ಎಚ್‌ಓ ಸ್ಕೇಲ್‌ಗೆ ಹೋಗ್ಬಿಡ್ತೀನಿ ಕಣೇ. ಕಾರು ಅರ್ಧ ಆಗುತ್ತೆ, ಜಾಗ ಕಾಲು ಭಾಗ ಸಾಕು."

ಕೇಳೋಕೆ ಚೆನ್ನಾಗಿದೆ. ಆದ್ರೆ ಎಂಟು ವರ್ಷದಿಂದ ಜೋಡಿಸಿದ್ದನ್ನ ಒಂದು ವಾರಾಂತ್ಯದಲ್ಲಿ ಮಾರೋ ಮುಂಚೆ ಲೆಕ್ಕ ಸರಿಯಾಗಿ ಹಾಕೋಣ ಅಂದೆ. ಆ ಲೆಕ್ಕವೇ ಈ ಸಲದ ಅಂಕಣ. ನಿಮ್ಮ ಹವ್ಯಾಸ ಬೇರೆ ಇರಬಹುದು. ದೊಡ್ಡ ಅಕ್ವೇರಿಯಂ, ಡ್ರಮ್ ಸೆಟ್, ಟೆರೇಸ್ ಗಾರ್ಡನ್. ಮನೆ ಬದಲಾದಾಗ ಎಲ್ಲರಿಗೂ ಬರೋ ಪ್ರಶ್ನೆ ಇದೇ.

ಮೊದಲು, ಇದು ಏನು ಆಟ?

ಟ್ರ್ಯಾಕಿನ ಉದ್ದಕ್ಕೂ ಒಂದು ಸಣ್ಣ ಸೀಳು ಇರುತ್ತೆ. ಅದೇ ಸ್ಲಾಟ್. ಕಾರಿನ ಮೂತಿಯ ಕೆಳಗಿರೋ ಕಡ್ಡಿಯಂಥ ಗೈಡ್ ಅದರೊಳಗೆ ಕೂತ್ಕೊಳ್ಳುತ್ತೆ. ಸೀಳಿನ ಎರಡೂ ಪಕ್ಕ ಲೋಹದ ಪಟ್ಟಿ, ಅದರಿಂದ ಕರೆಂಟು. ಕೈಯಲ್ಲಿರೋ ಕಂಟ್ರೋಲರ್ ಒತ್ತಿದಷ್ಟು ಮೋಟರ್ ತಿರುಗುತ್ತೆ. ಸ್ಟಿಯರಿಂಗ್ ಇಲ್ಲ. ಇರೋದು ವೇಗ ಒಂದೇ. ತಿರುವಿನಲ್ಲಿ ಎಷ್ಟು ಬಿಡಬೇಕು, ಯಾವಾಗ ಮತ್ತೆ ಒತ್ತಬೇಕು ಅನ್ನೋದೇ ಪೂರ್ತಿ ಆಟ. ಜಾಸ್ತಿ ಒತ್ತಿದ್ರೆ ಕಾರು ಹಾರಿ ಸೋಫಾ ಕೆಳಗೆ.

ಇಂಗ್ಲೆಂಡಿನಲ್ಲಿ ಇದಕ್ಕೆ ಸ್ಕೇಲೆಕ್ಸ್‌ಟ್ರಿಕ್ ಅಂದ್ರೇನೇ ಜನಕ್ಕೆ ಅರ್ಥ ಆಗೋದು. ಫ್ರೆಡ್ ಫ್ರಾನ್ಸಿಸ್ ಅನ್ನೋರು ಕೀ ಕೊಡೋ ಕಾರುಗಳನ್ನ ಮಾಡ್ತಿದ್ದರು. ಅದಕ್ಕೇ ಕರೆಂಟು ಕೊಟ್ಟು 1957ರಲ್ಲಿ ಹ್ಯಾರೊಗೇಟ್ ಆಟಿಕೆ ಮೇಳದಲ್ಲಿ ತೋರಿಸಿದ್ರು. ಅದರ ಕಾರುಗಳು ಇವತ್ತಿಗೂ ಮುಖ್ಯವಾಗಿ 1:32. ಅಂದ್ರೆ ನಿಜವಾದ ಕಾರಿನ ಮೂವತ್ತೆರಡನೇ ಒಂದು ಭಾಗ. ಅಮೆರಿಕದಲ್ಲಿ ಆರೋರಾ ಕಂಪನಿ 1960ರಲ್ಲಿ ಪುಟ್ಟ ಕಾರುಗಳನ್ನ ಮಾರುಕಟ್ಟೆಗೆ ತಂತು. ಅಲ್ಲಿಂದ ಬಂದದ್ದು ಎಚ್‌ಓ. ಆಟಿಕೆ ರೈಲಿನವರ ಎಚ್‌ಓ ಅಂದ್ರೆ 1:87. ಸ್ಲಾಟ್ ಕಾರಿನ ಎಚ್‌ಓ ಅದಕ್ಕಿಂತ ದೊಡ್ಡದು, ಸುಮಾರು 1:64. ಹೆಸರು ಮಾತ್ರ ಹಾಗೇ ಉಳಿದುಕೊಂಡಿದೆ. ಇವೆರಡರ ನಡುವೆ 1:43 ಇದೆ, ಕರೇರಾ ಕಂಪನಿಯ ಮಕ್ಕಳ ಸೆಟ್ಟುಗಳು ಹೆಚ್ಚಾಗಿ ಈ ಅಳತೆಯವು. ಮೇಲೆ 1:24 ಇದೆ. ಅದನ್ನ ಮನೆಯಲ್ಲಿ ಹಾಕೋಕೆ ಹಾಲ್ ಅಲ್ಲ, ಛತ್ರ ಬೇಕು.

ನಾಲ್ಕೂವರೆ ಮೀಟರಿನ ಒಂದು ಕಾರು 1:24ರಲ್ಲಿ ಸುಮಾರು 19 ಸೆಂಟಿಮೀಟರ್, 1:32ರಲ್ಲಿ 14, 1:43ರಲ್ಲಿ ಹತ್ತೂವರೆ, ಎಚ್‌ಓದಲ್ಲಿ 7. ಕೊನೇದು ನಿಮ್ಮ ಫೋನಿನ ಅಗಲದಷ್ಟು ಅಂದ್ಕೊಳ್ಳಿ.

ಕಾಲು ಭಾಗದ ಲೆಕ್ಕ

ಉದ್ದ ಅರ್ಧ, ಅಗಲ ಅರ್ಧ, ಹಾಗಾಗಿ ಜಾಗ ಕಾಲು. ಕಾಗದದ ಮೇಲೆ ಸರಿ. ಟೇಪ್ ಹಿಡಿದು ಅಳೆದರೆ ಬೇರೆ ಕಾಣುತ್ತೆ.

ನಮ್ಮ 1:32 ಟ್ರ್ಯಾಕಿನ ಸಾಮಾನ್ಯ ತಿರುವನ್ನ ಅರ್ಧ ವೃತ್ತ ಹಾಕಿದ್ರೆ ಹೊರಗಿನ ಅಗಲ ಸುಮಾರು 74 ಸೆಂಟಿಮೀಟರ್. ಎಚ್‌ಓದಲ್ಲಿ ಜನ ಹೆಚ್ಚಾಗಿ ಬಳಸೋ 9 ಇಂಚಿನ ತಿರುವಿಗೆ ಸುಮಾರು 53. ಅರ್ಧ ಆಗಲಿಲ್ಲ. ಇನ್ನೂ ಬಿಗಿಯಾದ 6 ಇಂಚಿನ ತಿರುವು ಸಿಗುತ್ತೆ. ಆದ್ರೆ ಬರೀ ಅದನ್ನೇ ಹಾಕಿದ್ರೆ ಕಾರಿಗೆ ಓಡೋ ಮಜಾನೇ ಇಲ್ಲ, ಗಿರಗಿಟ್ಲೆ ತಿರುಗಿದ ಹಾಗಿರುತ್ತೆ.

ಇನ್ನೊಂದು ವಿಷಯ. ಎಚ್‌ಓಗೆ ಹೋದವರು ಜಾಗ ಉಳಿಸೋದು ಕಡಿಮೆ. ಅದೇ ಜಾಗದಲ್ಲಿ ಟ್ರ್ಯಾಕ್ ಉದ್ದ ಮಾಡ್ಕೊಳ್ತಾರೆ. 8 ಅಡಿಗೆ 4 ಅಡಿಯ ಪ್ಲೈವುಡ್ ಹಲಗೆ ಅವರ ಪ್ರಿಯವಾದ ಅಳತೆ. ನಮ್ಮ ಈಗಿನ ಹಲಗೆ 6 ಅಡಿಗೆ 4! "ಚಿಕ್ಕ ಸ್ಕೇಲ್‌ಗೆ ಹೋಗಿ ದೊಡ್ಡ ಹಲಗೆ ತರ್ತೀರಾ?" ಅಂತ ಕೇಳಿದ್ದಕ್ಕೆ ಇವರು ಟೀ ಕುಡಿಯೋದರಲ್ಲಿ ಮಗ್ನರಾದರು.

ಕೈಗೆ ಆಗೋ ವ್ಯತ್ಯಾಸ

ಸ್ಕೇಲ್ ಬದಲಾದ್ರೆ ಬರೀ ಗಾತ್ರ ಬದಲಾಗಲ್ಲ, ಆಟವೇ ಬದಲಾಗುತ್ತೆ. ಇದನ್ನ ನಾನು ಇವರ ಕ್ಲಬ್‌ನ ಹಿರಿಯರೊಬ್ಬರ ಮನೆಯಲ್ಲಿ ಎರಡೂ ಓಡಿಸಿ ನೋಡಿದ ಮೇಲೆ ಹೇಳ್ತಿದೀನಿ.

ಸೆಕೆಂಡಿಗೆ 2 ಮೀಟರ್ ಓಡೋ ಕಾರನ್ನ ತಗೊಳ್ಳಿ. 1:32ರಲ್ಲಿ ಅದು ಗಂಟೆಗೆ 230 ಕಿಲೋಮೀಟರ್ ಓಡೋ ರೇಸ್ ಕಾರಿನ ಹಾಗೆ ಕಣ್ಣಿಗೆ ಕಾಣುತ್ತೆ. ಅದೇ ವೇಗ ಎಚ್‌ಓದಲ್ಲಿ 460 ಕಿಲೋಮೀಟರಿಗೆ ಸಮ. ಸಾಲದ್ದಕ್ಕೆ ಈಗಿನ ಎಚ್‌ಓ ಕಾರುಗಳ ಹೊಟ್ಟೆಯಲ್ಲಿ ಬಲವಾದ ಅಯಸ್ಕಾಂತ ಇರುತ್ತೆ. ಅದು ಟ್ರ್ಯಾಕಿನ ಲೋಹದ ಪಟ್ಟಿಯನ್ನ ಹಿಡ್ಕೊಂಡಿರುತ್ತೆ. ಕಾರು ಜಾರಲ್ಲ, ಅಂಟಿಕೊಂಡೇ ಓಡುತ್ತೆ. ಹಿಡಿತ ತಪ್ಪಿತೋ, ಎಚ್ಚರಿಕೆ ಕೊಡದೆ ಹಾರಿಹೋಗುತ್ತೆ. ಕಣ್ಣು ಮಿಟುಕಿಸೋಕೆ ಪುರುಸೊತ್ತಿಲ್ಲ. ವಿಡಿಯೋ ಗೇಮ್ ಇಷ್ಟಪಡೋರಿಗೆ ಇದು ಹಬ್ಬ.

1:32 ಕಾರಲ್ಲೂ ಅಯಸ್ಕಾಂತ ಬರುತ್ತೆ. ಆದ್ರೆ ಇವರ ಕ್ಲಬ್‌ನಲ್ಲಿ ಅದನ್ನ ತೆಗೆದಿಟ್ಟೇ ಓಡಿಸ್ತಾರೆ. ಆಗ ಕಾರಿನ ಹಿಂಭಾಗ ತಿರುವಿನಲ್ಲಿ ಸ್ವಲ್ಪ ಜಾರುತ್ತೆ, ಟೈರ್ ಹಿಡಿತ ಬಿಡೋದು ಕಣ್ಣಿಗೆ ಕಾಣುತ್ತೆ, ನಾವು ಬೆರಳು ಸಡಿಲಿಸಿ ಸಂಭಾಳಿಸಬಹುದು. ಕಾರು ಭಾರವಾಗಿರೋದರಿಂದ ಈ ಜಾರಾಟ ನಿಧಾನ. ಎಚ್‌ಓದಲ್ಲೂ ಅಯಸ್ಕಾಂತದ ಹಿಡಿತ ಇಲ್ಲದ ಹಳೇ ಮಾದರಿಗಳಿಗೆ ಪ್ರತ್ಯೇಕ ಅಭಿಮಾನಿಗಳಿದ್ದಾರೆ. ಆರೋರಾದ ಥಂಡರ್‌ಜೆಟ್ ಅಂಥದ್ದು. ಅದು ಚೆನ್ನಾಗಿ ಜಾರುತ್ತೆ. ಆದ್ರೆ ಇವರು ನೋಡಿಟ್ಟಿರೋದು ಅದನ್ನಲ್ಲ, ಹೊಸ ಸೆಟ್ಟನ್ನ.

ನಿಮಗೆ ಜಾರೋದು ಇಷ್ಟಾನಾ, ಹಾರೋದು ಇಷ್ಟಾನಾ? ಟೇಪ್ ಹಿಡಿಯೋ ಮುಂಚೆ ಇದನ್ನ ಕೇಳ್ಕೋಬೇಕು.

ಹಳೇ ಸಾಮಾನು ಯಾವುದೂ ಬರಲ್ಲ

ಫೋನ್ ಬದಲಿಸಿದ್ರೆ ಚಾರ್ಜರ್ ಆದ್ರೂ ಉಳಿಯುತ್ತೆ. ಇಲ್ಲಿ ಅದೂ ಇಲ್ಲ. ಟ್ರ್ಯಾಕ್ ಬೇರೆ, ಕಾರು ಬೇರೆ. ನಮ್ಮ ಈಗಿನ ಸೆಟ್ಟಿನ ಅಡಾಪ್ಟರ್ 15 ವೋಲ್ಟ್‌ನದು, ಎಚ್‌ಓ ಸೆಟ್ಟುಗಳಿಗೆ ಸಾಮಾನ್ಯವಾಗಿ 18ರಿಂದ 22 ಬೇಕು. ಮೋಟರ್ ಬೇರೆ ಆದ್ದರಿಂದ ಕಂಟ್ರೋಲರ್ ಕೂಡ ಬೇರೆ. 1:32 ಕಾರು ಕರೆಂಟು ತಗೊಳ್ಳೋದು ತಾಮ್ರದ ಹೆಣೆದ ಪಟ್ಟಿಯಿಂದ, ಎಚ್‌ಓ ತಗೊಳ್ಳೋದು ಸಣ್ಣ ಲೋಹದ ಪಾದಗಳಿಂದ. ಹಾಗಾಗಿ ರಿಪೇರಿ ಡಬ್ಬಿಯಲ್ಲಿರೋ ಬಿಡಿಭಾಗಗಳೂ ಉಪಯೋಗಕ್ಕೆ ಬರಲ್ಲ. ಉಳಿಯೋದು ಸ್ಕ್ರೂಡ್ರೈವರ್, ಎಣ್ಣೆ ಬಾಟಲಿ, ಟೈರ್ ಒರೆಸೋ ಬಟ್ಟೆ.

ಇಲ್ಲಿ ಒಂದು ಹೊಸ 1:32 ಕಾರಿಗೆ 40–50 ಪೌಂಡ್. ಎಚ್‌ಓ ಅದಕ್ಕಿಂತ ಅಗ್ಗ, ನಿಜ. ಆದ್ರೆ ಹಳೇದನ್ನ ಮಾರುವಾಗ ಕೊಟ್ಟ ಬೆಲೆ ಬರಲ್ಲ, ಅದರಲ್ಲೂ ಓಡಿಸಿ ಗೀಚು ಬಿದ್ದ ಕಾರಿಗೆ. ನಮ್ಮನೆ ಕಾರುಗಳಿಗೆ ಗೀಚು ಬಿದ್ದಿರೋದು ಮಗಳ ಕೈಯಲ್ಲಿ. ಅವಳಿಗೆ ಆರು ವರ್ಷ. 14 ಸೆಂಟಿಮೀಟರ್ ಕಾರನ್ನ ತಾನೇ ಎತ್ತಿ ಸೀಳಿಗೆ ಕೂರಿಸ್ತಾಳೆ. ಎಚ್‌ಓ ಕಾರನ್ನ ಆ ಹಿರಿಯರ ಮನೆಯಲ್ಲಿ ನಾಲ್ಕು ಸಲ ಕೂರಿಸೋಕೆ ನೋಡಿ, "ಅಪ್ಪಾ, ನೀನೇ ಇಡು" ಅಂದ್ಲು. ಮನೆಗೆ ಬರ್ತಿರೋ ಇನ್ನೊಂದು ಪುಟಾಣಿ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕೋ ಕಾಲ ಬೇರೆ ಬರುತ್ತೆ. ಸಣ್ಣ ಕಾರು, ಅದರೊಳಗೆ ಅಯಸ್ಕಾಂತ. ನನಗೆ ಈ ಕಾರಣ ಒಂದೇ ಸಾಕಿತ್ತು.

ಗುರುವಾರದ ವಿಷಯ

ಆದ್ರೆ ಇವರಿಗೆ ಸಾಕಾದ ಕಾರಣ ಬೇರೆ.

ಇವರು ಈ ದೇಶಕ್ಕೆ ಬಂದಾಗ ಒಬ್ಬರೇ. ಆಫೀಸು, ಮನೆ, ವಾಟ್ಸ್‌ಆ್ಯಪ್ ಕಾಲ್ ಬಿಟ್ಟು ಬೇರೆ ಪ್ರಪಂಚ ಇರಲಿಲ್ಲ. ಚಳಿಗಾಲದಲ್ಲಿ ನಾಲ್ಕು ಗಂಟೆಗೆ ಕತ್ತಲಾಗೋ ಊರಲ್ಲಿ ಇವರಿಗೆ ಆಫೀಸಿನ ಆಚೆ ಸಿಕ್ಕಿದ ಮೊದಲ ಸ್ನೇಹಿತರು ಈ ಕ್ಲಬ್ಬಿನವರು. ಬಹುತೇಕ ನಿವೃತ್ತರು. ಗುರುವಾರ ಸಂಜೆ ಒಂದು ಹಳೇ ಹಾಲ್‌ನಲ್ಲಿ ಸೇರ್ತಾರೆ. ಅಲ್ಲಿ ಮರದ ಹಲಗೆಯಲ್ಲಿ ಕೊರೆದ ದೊಡ್ಡ ಟ್ರ್ಯಾಕ್ ಇದೆ. ಓಡಿಸೋರು ಓಡಿಸಿದ್ರೆ ಉಳಿದವರು ಟ್ರ್ಯಾಕಿನ ಸುತ್ತ ನಿಂತು ಬಿದ್ದ ಕಾರು ಎತ್ತಿ ಇಡ್ತಾರೆ. ಮಗಳು ಹುಟ್ಟಿದಾಗ ತೊಟ್ಟಿಲು ಜೋಡಿಸೋಕೆ ಬಂದವರೂ ಅವರೇ.

ಆ ಕ್ಲಬ್ ಓಡಿಸೋದು 1:32 ಮಾತ್ರ. ಎಚ್‌ಓ ಟ್ರ್ಯಾಕ್ ಅಲ್ಲಿಲ್ಲ.

ಇದು ಗೊತ್ತಿಲ್ಲದ ವಿಷಯವೇನಲ್ಲ. ಆದ್ರೆ ಜಾಗದ ಲೆಕ್ಕದಲ್ಲಿ ಇದು ಎಲ್ಲೂ ಬಂದಿರಲಿಲ್ಲ. ಒಂದು ಭಾನುವಾರ ಇಬ್ಬರೂ ಕೂತು ಕಾಗದದ ಮೇಲೆ ಬರೆದ್ವಿ. ಕಳೆದ ಮೂರು ತಿಂಗಳಲ್ಲಿ ಕ್ಲಬ್ಬಿಗೆ ಎಷ್ಟು ಗುರುವಾರ ಹೋಗಿದ್ದು? ಹನ್ನೊಂದು. ಊಟದ ಮೇಜಿನ ಮೇಲೆ ಕಾರು ಬಿಚ್ಚಿ, ಒರೆಸಿ, ಬಣ್ಣ ಬಳಿದಿದ್ದು? ವಾರಕ್ಕೆ ಎರಡು ರಾತ್ರಿಯಾದ್ರೂ. ಮಗಳ ಜೊತೆ ಓಡಿಸಿದ್ದು? ಹೆಚ್ಚಿನ ಭಾನುವಾರ, ಅರ್ಧ ಗಂಟೆ. ಒಬ್ಬರೇ ಬಾಕ್ಸ್ ರೂಮಿನಲ್ಲಿ ಟ್ರ್ಯಾಕ್ ಓಡಿಸಿದ್ದು? ಇವರು ಸ್ವಲ್ಪ ಹೊತ್ತು ಯೋಚಿಸಿ "ನಾಲ್ಕು ಸಲ ಇರಬಹುದು" ಅಂದ್ರು.

ಇಡೀ ರೂಮನ್ನ ಹಿಡಿದಿದ್ದ ಟ್ರ್ಯಾಕ್‌ಗೆ ಹವ್ಯಾಸದಲ್ಲಿ ಸಿಕ್ಕ ಪಾಲು ಅಷ್ಟೆ. ಅದನ್ನ ಉಳಿಸೋಕೆ ಹೋಗಿ ಉಳಿದ ಮೂರನ್ನೂ ಬಿಡೋದಾ?

ಏನು ಮಾಡಿದ್ವಿ

ಸ್ಕೇಲ್ ಬದಲಿಸ್ತಿಲ್ಲ. ಹಲಗೆ ಮತ್ತು ಅದರ ಕಾಲುಗಳನ್ನ ಮಾರಿದ್ವಿ. ಟ್ರ್ಯಾಕಿನಲ್ಲಿ ಒಂದು ಸಣ್ಣ ಅಂಡಾಕಾರಕ್ಕೆ ಬೇಕಾಗುವಷ್ಟು ತುಂಡುಗಳು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿವೆ. ಉಳಿದದ್ದು ಅಟ್ಟದಲ್ಲಿ. ಭಾನುವಾರ ಹಾಲ್‌ನ ನೆಲದ ಮೇಲೆ ಹತ್ತು ನಿಮಿಷದಲ್ಲಿ ಜೋಡಿಸಿ, ಆಟ ಮುಗಿದ ಮೇಲೆ ಎತ್ತಿಡೋದು. ಕಾರುಗಳು ಗೋಡೆಯ ಶೆಲ್ಫಿನಲ್ಲಿ, ಪುಟ್ಟ ಕೈಗೆ ಎಟುಕದ ಎತ್ತರದಲ್ಲಿ. ಗುರುವಾರ ಹಾಗೇ ಇರುತ್ತೆ. ಹೆರಿಗೆಯಾದ ಮೊದಲ ಎರಡು ತಿಂಗಳು ಮಾತ್ರ ರಜ. ಇದನ್ನ ಇವರೇ ಹೇಳಿದ್ದು, ನಾನು ಕೇಳಿದ್ದಲ್ಲ.

ಅಮ್ಮನಿಗೆ ಫೋನಲ್ಲಿ ಹೇಳಿದೆ. "ಅಯ್ಯೋ, ಅಳಿಯಂದ್ರ ಸಾಮಾನು ಯಾಕೆ ತೆಗೆಸಿದೆ? ನನಗೊಂದು ಮಂಚ, ಒಂದು ಕಿಟಕಿ ಸಾಕಿತ್ತು" ಅಂತ ನನಗೇ ಬೈದರು. ಅಳಿಯಂದ್ರು ಪಕ್ಕದಲ್ಲಿ ನಿಂತು ನಗ್ತಿದ್ರು.

ಹಾಗಾದ್ರೆ ಯಾರು ಬದಲಿಸಬೇಕು?

ಎಚ್‌ಓ ಕೀಳು ಅಂತ ಖಂಡಿತ ಅಲ್ಲ. ಹತ್ತಿರದಲ್ಲಿ ಎಚ್‌ಓ ಕ್ಲಬ್ ಇದ್ದರೆ, ಮಕ್ಕಳು ದೊಡ್ಡವರಾಗಿದ್ದರೆ, ಮನೆಯಲ್ಲೇ ಉದ್ದನೆಯ ಟ್ರ್ಯಾಕ್ ಬೇಕು ಅನ್ನೋದೇ ಮುಖ್ಯ ಆಸೆಯಾಗಿದ್ದರೆ, ಹಲಗೆಯೊಂದನ್ನ ಶಾಶ್ವತವಾಗಿ ಹಾಕೋ ಮೂಲೆ ಇದ್ದರೆ, ಅದೇ ಸರಿಯಾದ ಆಯ್ಕೆ. ಮನೆ ತುಂಬ ನೆಂಟರು ಸೇರಿ ಆಡ್ತಾರೆ ಅನ್ನೋದಾದ್ರೆ 1:32ರ ಡಿಜಿಟಲ್ ಸೆಟ್ ನೋಡಿ, ಅದರಲ್ಲಿ ಎರಡೇ ಸೀಳಿನ ಮೇಲೆ ಆರು ಕಾರುಗಳು ದಾರಿ ಬದಲಿಸ್ಕೊಂಡು ಓಡಬಹುದು.

ಬದಲಿಸೋ ಮುಂಚೆ ಮೂರು ಕೆಲಸ ಮಾಡಿ. ಹೊಸ ಸ್ಕೇಲನ್ನ ಬೇರೆಯವರ ಟ್ರ್ಯಾಕಿನಲ್ಲಿ ಒಂದು ಸಂಜೆ ಪೂರ್ತಿ ಓಡಿಸಿ. ಐದು ನಿಮಿಷ ಓಡಿಸಿದ್ರೆ ಎಲ್ಲವೂ ಚೆನ್ನಾಗೇ ಕಾಣುತ್ತೆ. ಹೊಸ ಟ್ರ್ಯಾಕಿನ ಅಳತೆಯನ್ನ ಹಳೇ ಪೇಪರ್ ಹಾಸಿ ನೆಲದ ಮೇಲೆ ನೋಡಿ. ಮತ್ತೆ ನಾವು ಮಾಡಿದ ಹಾಗೆ ಮೂರು ತಿಂಗಳ ಪಟ್ಟಿ ಬರೀರಿ, ಈ ಹವ್ಯಾಸದಲ್ಲಿ ನಿಜವಾಗಿ ಏನು ಮಾಡ್ತೀನಿ, ಯಾರ ಜೊತೆ ಮಾಡ್ತೀನಿ ಅಂತ.

ಪಟ್ಟಿಯಲ್ಲಿ ಸಾಮಾನಿನ ಹೆಸರು ಜಾಸ್ತಿ ಬಂದ್ರೆ ಧೈರ್ಯವಾಗಿ ಬದಲಿಸಿ. ಜನರ ಹೆಸರು ಜಾಸ್ತಿ ಬಂದ್ರೆ ಸ್ವಲ್ಪ ತಡೀರಿ. ನಿಮ್ಮನೆಯಲ್ಲಿ ಜಾಗ ಹಿಡಿದಿರೋ ಹವ್ಯಾಸ ಯಾವುದು, ಅದರ ಪಟ್ಟಿಯಲ್ಲಿ ಏನು ಬಂತು, ಬರೆದು ತಿಳಿಸ್ತೀರಲ್ಲಾ?